ಪರಸಪ್ಪ ಬೀಡಿ ಸೇದುತ್ತಿರಲಿಲ್ಲ

ಹುಸೇನಸಾಬ ಅರಬರ ದೇಶದಿಂದ ತಿಕೋಟಾಕ್ಕೆ ಮರಳಿ ಬಂದದ್ದು ಎಪ್ಪತ್ತೇಳರ ಜನವರಿಯಲ್ಲಿ. ಬಂದ ದಿನವೇ ಹೆಂಡತಿ ಸಕೀನಾ ಚಹಾ ಕಾಸಲು ಪಂಪ್ ಸ್ಟೋವಿಗೆ ಗಾಳಿ ಹೊಡೆದಳು. ಸ್ಟೋವು ಸುಯ್ಯೆಂದದ್ದೇ ತಡ, ಒಳಗೆ ಮಲಗಿದ್ದವನು ಬರಿಗಾಲಲ್ಲಿ ಓಡಿ ಬಂದು ಅದರ ಗಾಳಿ ಬಿಟ್ಟು ಆರಿಸಿ, ಗೋಡೆಗೆ ಬೆನ್ನು ಹಚ್ಚಿ ನಿಂತ. ಏನಾಯಿತೆಂದು ಕೇಳಿದರೆ ಏನಿಲ್ಲವೆಂದ. ಮರುದಿನದಿಂದ ಸಕೀನಾ ಕಟ್ಟಿಗೆ ಒಲೆಯನ್ನೇ ಹೊತ್ತಿಸಿದಳು. ಹೇಗೂ ಸೀಮೆಎಣ್ಣೆಗೆ ಡಬ್ಬಿ ಹಿಡಿದು ಸಾಲುಗಟ್ಟುವ ಕಾಲ, ಹೊಗೆಯ ನೆವ ಹೇಳಿ ಗಂಡನ ಮನಸ್ಸು ಕೆದಕುವುದು ಬೇಡವೆಂದುಕೊಂಡಳು.

ಆದರೆ ಅವನು ಊಟ ಮಾಡುವಾಗ ಒಮ್ಮೆಲೇ ತಲೆಯೆತ್ತಿ ಕಿವಿಗೊಡುತ್ತಿದ್ದ. ಸೈಕಲ್ಲಿನ ಚಕ್ರದ ಗಾಳಿ ಹೋದರೂ, ಕಾದ ಹಂಚಿಗೆ ನೀರು ಬಿದ್ದರೂ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಜೊತೆಗೆ ಹೋಗಿದ್ದ ಪರಸಪ್ಪನ ಮನೆಗೆ ಹೋಗಿ ಅವನ ತಾಯಿಯನ್ನು ಮಾತಾಡಿಸಿ ಬರೋಣವೆಂದು ಸಕೀನಾ ಎರಡು ಸಲ ಹೇಳಿದಳು. ಎರಡು ಸಲವೂ ಅವನು ಎದ್ದು ಹೊರಗೆ ಹೋದ.

ಇಬ್ಬರೂ ವಿಜಾಪುರದ ಸ್ಟೇಷನ್ ರಸ್ತೆಯ ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಹುಸೇನಸಾಬ ವೆಲ್ಡರ್, ಮಮದಾಪುರದ ಪರಸಪ್ಪ ಫಿಟ್ಟರ್. ಮುಂಬಯಿಯ ಏಜೆಂಟನೊಬ್ಬ ಇಬ್ಬರನ್ನೂ ಒಂದೇ ಕಾಗದದಲ್ಲಿ ಕಳಿಸಿದ್ದ. ಮರಳುಗಾಡಿನ ಅಂಚಿಗೆ, ಕಡಲದಂಡೆಯ ಮೇಲೆ ಅವರ ಕಾರಖಾನೆ. ನೆಲದೊಳಗಿನ ಗ್ಯಾಸನ್ನು ಕೊಳವೆಯಲ್ಲಿ ತಂದು, ಬರ್ಫಕ್ಕಿಂತ ಎಷ್ಟೋ ಪಾಲು ತಣ್ಣಗೆ ಮಾಡಿ, ನೀರಿನಂತಾಗಿಸಿ ಹಡಗಿಗೆ ತುಂಬುವುದು. ಹಡಗು ನೇರ ಯುರೋಪಿಗೆ ಹೋಗುತ್ತಿತ್ತು. ಎಪ್ಪತ್ಮೂರರಲ್ಲಿ ಅರಬರು ಎಣ್ಣೆ ಬಿಗಿಹಿಡಿದಾಗಿನಿಂದ ಅಲ್ಲಿಯವರಿಗೆ ದಿಗಿಲು ಹುಟ್ಟಿತ್ತು. ಒಲೆಗೂ ಕಾರಖಾನೆಗೂ ಚಳಿಗಾಲದ ಕೋಣೆಗೂ ಎಲ್ಲಿಂದಾದರೂ ಸರಿ, ಗ್ಯಾಸು ಬೇಕಾಗಿತ್ತು. ಅಷ್ಟು ದೊಡ್ಡ ದೇಶಗಳ ಒಲೆ ನಾವು ಬಿಗಿಯುವ ನಾಲ್ಕು ಬೋಲ್ಟಿನ ಮೇಲೆ ನಿಂತಿದೆಯಲ್ಲ ಎಂದು ಪರಸಪ್ಪ ನಗುತ್ತಿದ್ದ.

ಎಪ್ಪತ್ತೈದರ ಡಿಸೆಂಬರಿನಲ್ಲಿ ಅಲ್ಲಿ ಬೆಂಕಿ ಬಿದ್ದು ಪರಸಪ್ಪ ತೀರಿಕೊಂಡ. ತಿಕೋಟಾದವರಿಗೆ ಗೊತ್ತಿದ್ದದ್ದು ಅಷ್ಟೇ.

ಫೆಬ್ರವರಿಯ ಒಂದು ಶುಕ್ರವಾರ ಸಕೀನಾಳ ತಂಗಿ ಮುನೀರಾ ಬಂದಿದ್ದಳು. ಮೂವರೂ ಗೋಳಗುಮ್ಮಟಕ್ಕೆ ಹೋದರು. ಮೆಟ್ಟಿಲು ಹತ್ತಿ ಮೇಲಿನ ಸುತ್ತಿನಲ್ಲಿ ಕೂತಾಗ, ಆಚೆ ಬದಿಯಲ್ಲಿ ಯಾರೋ ತಾಯಿ ಅಳುವ ಕೂಸನ್ನು ಸುಮ್ಮನಿರಿಸಲು ಶ್ ಎಂದಳು. ಆ ಸದ್ದು ಗೋಡೆ ಹಿಡಿದು ಸುತ್ತಿ ಬಂತು, ಮತ್ತೆ ಬಂತು, ಅವನ ಕಿವಿಯ ಹತ್ತಿರವೇ ಬಂದು ಹರಿಯಿತು. ಹುಸೇನಸಾಬ ಎದ್ದು ನಿಂತು ಕೂಗಿದ.

"ಪರಸ್ಯಾ, ಒಳಗ ಹೋಗಬ್ಯಾಡಲೇ."

ಗುಮ್ಮಟ ಆ ಮಾತನ್ನು ಬಿಡಲಿಲ್ಲ. ಒಂದಾದ ಮೇಲೊಂದು, ಬೇರೆ ಬೇರೆ ಮನುಷ್ಯರು ಕೂಗಿದಂತೆ, ಅದು ಬರುತ್ತಲೇ ಇತ್ತು. ಕೊನೆಯದು ತೀರಾ ಸಣ್ಣದಾಗಿ, ದೂರದಲ್ಲಿದ್ದ ಯಾರೋ ಓಗೊಟ್ಟಂತೆ ಕೇಳಿಸಿತು. ಅವನು ಕಿವಿ ಮುಚ್ಚಿಕೊಂಡು ಕುಸಿದು ಕೂತ.

ಕೆಳಗಿಳಿದ ಮೇಲೆ ಸಕೀನಾ ತಂಗಿಯನ್ನು ಬಳೆ ಅಂಗಡಿಗೆ ಕಳಿಸಿ, ಅವನನ್ನು ಹುಲ್ಲಿನ ಮೇಲೆ ಕೂರಿಸಿ ನೀರು ಕುಡಿಸಿದಳು. ಕೇಳದೆಯೇ ಅವನು ಹೇಳತೊಡಗಿದ.

ಆ ದಿನ ಮಧ್ಯಾಹ್ನ ಹಡಗಿಗೆ ತುಂಬುವ ಕೊಳವೆಯ ಜೋಡಣೆಯೊಂದು ಸುಯ್‌ಗುಡುತ್ತಿತ್ತು. ಬೆಳಿಗ್ಗೆಯೇ ಇಬ್ಬರೂ ಸಾಹೇಬನಿಗೆ ತೋರಿಸಿದ್ದರು. ಅದನ್ನು ಬಿಚ್ಚಿ ಹಾಕಲು ಒಂದು ದಿನ ಬೇಕು, ಯುರೋಪಿನಲ್ಲಿ ಹಿಮ ಬೀಳುತ್ತಿದೆ, ಹಡಗು ಕಾಯುವುದಿಲ್ಲ ಎಂದು ಸಾಹೇಬ ತುಂಬಿಸಲು ಹೇಳಿದ. ಸ್ವಲ್ಪ ಹೊತ್ತಿಗೆ ಜೋಡಣೆ ಬಾಯಿ ಬಿಟ್ಟಿತು. ಆ ಗ್ಯಾಸಿಗೆ ವಾಸನೆ ಇಲ್ಲ. ಬೆಳ್ಳಗೆ ಮಂಜಿನಂತೆ ನೆಲ ಹಿಡಿದು ಹರಿದು ಬಂದು ಕತ್ತಿನ ಮಟ್ಟಕ್ಕೆ ನಿಂತಿತು. ವಾಲ್ವು ಆ ಮಂಜಿನ ಒಳಗಿತ್ತು. ಪರಸಪ್ಪ ಒಳಗೆ ಹೋದ. ಅವನ ತಲೆ ಮಾತ್ರ ಕಾಣುತ್ತಿತ್ತು, ಆಮೇಲೆ ಅವನು ಬಗ್ಗಿದ, ಅದೂ ಕಾಣಲಿಲ್ಲ. ಸುಯ್ಯೆನ್ನುವ ಸದ್ದು ನಿಂತಿತು. ವಾಲ್ವು ಮುಚ್ಚಿದ್ದ. ಅಷ್ಟರಲ್ಲಿ ಆಚೆಯ ಪಂಪಿನ ಮೋಟಾರಿನಿಂದ ಕಿಡಿ ಹಾರಿ ಮಂಜೆಲ್ಲ ಒಂದೇ ಸಲ ಹೊತ್ತಿತು.

ಮೂರನೆಯ ದಿನ ಹುಸೇನಸಾಬನನ್ನು ಕಚೇರಿಗೆ ಕರೆಸಿದರು. ಪರಸಪ್ಪ ನಿಷೇಧಿಸಿದ ಜಾಗದಲ್ಲಿ ಬೀಡಿ ಹಚ್ಚಿದ್ದರಿಂದ ಬೆಂಕಿ ಬಿತ್ತು, ನಾನು ಕಣ್ಣಾರೆ ನೋಡಿದ್ದೇನೆ ಎಂದು ಬರೆದ ಕಾಗದ ಮೇಜಿನ ಮೇಲಿತ್ತು. ಸಹಿ ಮಾಡದಿದ್ದರೆ ಅಂದೇ ವಾಪಸು ಕಳಿಸುವುದಾಗಿ ಹೇಳಿದರು. ಅವನು ಸಹಿ ಮಾಡಿದ, ಇನ್ನೊಂದು ವರ್ಷ ಅಲ್ಲೇ ದುಡಿದ.

ಸಕೀನಾ ಹುಲ್ಲು ಕೀಳತೊಡಗಿದಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ.

"ಪರಸಪ್ಪನ ಅವ್ವನ ಮುಂದ ಹೋಗಿ ಹೇಳ್ರಿ. ನಾನೂ ಬರತೇನಿ," ಅಂದಳು.

ಎರಡು ದಿನ ಬಿಟ್ಟು ಇಬ್ಬರೂ ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಮಮದಾಪುರಕ್ಕೆ ಹೋದರು. ಪರಸಪ್ಪನ ತಾಯಿ ಚಂದ್ರಾಬಾಯಿ ಕೆರೆಯ ಹತ್ತಿರದ ಓಣಿಯಲ್ಲಿ ಒಬ್ಬಳೇ ಇದ್ದಳು. ಕೂಲಿ ಮಾಡಿ ಮಗನನ್ನು ಓದಿಸಿದವಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಪರಸಪ್ಪ ಪಾಸ್‌ಪೋರ್ಟಿಗೆ ತೆಗೆಸಿದ ಫೋಟೋ. ಫೋಟೋಕ್ಕೆ ಹಾರ ಇರಲಿಲ್ಲ. ಹುಸೇನಸಾಬನನ್ನು ಕಂಡದ್ದೇ ಅವಳ ಮುಖ ಅರಳಿತು. ಇಬ್ಬರನ್ನೂ ಕಂಬಳಿಯ ಮೇಲೆ ಕೂರಿಸಿ, ನೀರು ಕೊಟ್ಟು, ಮೊದಲು ಕೇಳಿದ ಮಾತು ಇದು:

"ನೀ ಬಂದಿ, ಛಲೋ ಆತು ತಮ್ಮಾ. ನಮ್ಮ ಪರಸ್ಯಾನ್ನ ಯಾವಾಗ ಬಿಡತಾರಂತ?"

ಹುಸೇನಸಾಬನಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಕಂಪನಿಯಿಂದ ಬಂದ ಇಂಗ್ಲಿಷ್ ಕಾಗದವನ್ನು ಬಬಲೇಶ್ವರದ ಸಂಗಣ್ಣ ಮಾಸ್ತರರು ಓದಿ ಹೇಳಿದ್ದರು. ಅದರಲ್ಲಿ ಸತ್ತವನು ಬೀಡಿ ಹಚ್ಚಿದ್ದ ಎಂದಿತ್ತು. ಪರಸಪ್ಪ ಬೀಡಿ ಮುಟ್ಟಿದವನೇ ಅಲ್ಲ. ಅಪ್ಪ ಕೆಮ್ಮಿ ಕೆಮ್ಮಿ ಸತ್ತದ್ದನ್ನು ನೋಡಿ, ಹತ್ತು ವರ್ಷದವನಿದ್ದಾಗಲೇ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ್ದ. ಹೆಣವೂ ಊರಿಗೆ ಬಂದಿರಲಿಲ್ಲ. ಹಾಗಾದರೆ ಸತ್ತವನು ಬೇರೆ ಯಾರೋ. ಕಾಗದಪತ್ರ ಅದಲುಬದಲಾಗಿವೆ, ಮಗ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾನೆ. ಹದಿಮೂರು ತಿಂಗಳಿಂದ ಅವಳು ಊರವರಿಗೆಲ್ಲ ಹೇಳುತ್ತ ಬಂದದ್ದು ಇದನ್ನೇ. ಅಳಲು ಬಂದ ನೆಂಟರನ್ನು ಹೊಸಲು ದಾಟಿಸಿರಲಿಲ್ಲ.

ಹುಸೇನಸಾಬ ಸಕೀನಾಳ ಕಡೆ ನೋಡಿದ. ಅವಳ ಕಣ್ಣು ನೆಲದ ಮೇಲಿತ್ತು. ಈಗ ಸುಮ್ಮನಿದ್ದರೆ ಈ ಮುದುಕಿ ಸಾಯುವತನಕ ಕಾಯುತ್ತಾಳೆ, ಕಾಯುತ್ತ ಬದುಕುತ್ತಾಳೆ. ಹೇಳಿದರೆ ಇನ್ನೊಮ್ಮೆ ಬೆಂಕಿ ಹಚ್ಚಿದಂತೆ. ಎದ್ದು ಹೋಗಿಬಿಡಬೇಕೆನಿಸಿತು. ಆದರೆ ಫೋಟೋದೊಳಗಿನ ಪರಸಪ್ಪ ನೋಡುತ್ತಿದ್ದ.

"ಯವ್ವಾ, ಬೀಡಿದು ಸುಳ್ಳು. ಆ ಸುಳ್ಳಿಗೆ ನಾನ ಸಹಿ ಮಾಡೇನಿ," ಅಂದ. "ಸತ್ತಾವ ಮಾತ್ರ ಪರಸ್ಯಾನ ಬೇ. ನಾ ನೋಡೇನಿ."

ಎಲ್ಲವನ್ನೂ ಹೇಳಿದ. ಅವನು ಮುಗಿಸಿದ ಮೇಲೆ ಚಂದ್ರಾಬಾಯಿ ಕೇಳಿದಳು:

"ಆ ಹಡಗ ಏನಾತು?"

"ಮರುದಿನ ಇನ್ನೊಂದ ಕಡಿಂದ ತುಂಬಿ ಹೋತು."

"ಅಂದ್ರ ಒಂದ ದಿನ ತಡ ಆತು."

"ಹೂಂ ಬೇ."

"ಅಲ್ಲಿ ಯಾರರ ಥಂಡಿಗೆ ಸತ್ತರೇನು?"

"ಇಲ್ಲ."

ಅವಳು ಗೋಡೆಯ ಕಡೆ ಹೊರಳಿ ಕೂತಳು. ಸಕೀನಾ ಹೋಗಿ ಬೆನ್ನಿನ ಮೇಲೆ ಕೈಯಿಟ್ಟಳು, ಚಂದ್ರಾಬಾಯಿ ಕೈ ತೆಗೆಯಲಿಲ್ಲ. ಆಗ ಬಂದ ಅಳು ಓಣಿಯವರನ್ನೆಲ್ಲ ಬಾಗಿಲಿಗೆ ತಂದಿತು.

ಸಂಜೆಯ ಬಸ್ಸಿಗೆ ಅವರು ಏಳುವಾಗ ಅವಳು ಹುಸೇನಸಾಬನ ಮುಖ ನೋಡದೆ, ನಾಳೆ ಬಬಲೇಶ್ವರಕ್ಕೆ ಬಾ ಎಂದಳು. ಮರುದಿನ ಸಂಗಣ್ಣ ಮಾಸ್ತರರ ಮನೆಯಲ್ಲಿ ಅವನು ಹೇಳಿದ್ದನ್ನು ಮಾಸ್ತರರು ಇಂಗ್ಲಿಷಿನಲ್ಲಿ ಬರೆದರು. ಅವನು ಸಹಿ ಮಾಡಿದ. ಚಂದ್ರಾಬಾಯಿ ಪ್ರತಿಯೊಂದು ಸಾಲನ್ನೂ ಎರಡೆರಡು ಸಲ ಕನ್ನಡದಲ್ಲಿ ಹೇಳಿಸಿಕೊಂಡು ಕೆಳಗೆ ಹೆಬ್ಬೆಟ್ಟು ಒತ್ತಿದಳು. ರಿಜಿಸ್ಟರ್ ಮಾಡಿ ಕಳಿಸಿದ ಆ ಪತ್ರಕ್ಕೆ ಕಂಪನಿಯಿಂದ ಉತ್ತರ ಬರಲೇ ಇಲ್ಲ. ಮುಟ್ಟಿದ್ದಕ್ಕೆ ಒಂದು ಚೀಟಿ ಬಂತು, ಅಷ್ಟೇ. ಮುಂಬಯಿಯ ಏಜೆಂಟ ಮಾತ್ರ ಹುಸೇನಸಾಬನ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದ. ಅವನು ಮತ್ತೆ ಸ್ಟೇಷನ್ ರಸ್ತೆಯ ಗ್ಯಾರೇಜಿಗೇ ಹೋಗತೊಡಗಿದ.

ಬುದ್ಧ ಪೂರ್ಣಿಮೆಯ ದಿನ ಚಂದ್ರಾಬಾಯಿ ನೆಂಟರನ್ನು ತಾನಾಗಿ ಕರೆಸಿ, ಮೇಣಬತ್ತಿ ಹಚ್ಚಿ, ವಂದನೆ ಮಾಡಿಸಿದಳು. ಮಗ ಹೇಗೆ ಸತ್ತನೆಂದು ಎಲ್ಲರ ಮುಂದೆ ಹೇಳುವಂತೆ ಹುಸೇನಸಾಬನಿಗೆ ಹೇಳಿದಳು. ಅವನು ನಿಂತುಕೊಂಡು ಹೇಳಿದ, ತನ್ನ ಸಹಿಯ ಮಾತನ್ನೂ ಬಿಡಲಿಲ್ಲ. ಪರಸಪ್ಪನ ಸೋದರಮಾವ ಕರೆಪ್ಪ ಎದ್ದು ಹೊರಗೆ ಹೋದ, ಉಳಿದವರು ಕೂತೇ ಇದ್ದರು. ಊಟದ ಹೊತ್ತಿಗೆ ಚಂದ್ರಾಬಾಯಿ ಒಂದು ತಾಟನ್ನು ತಂದು ಅವನ ಮುಂದಿಟ್ಟಳು. ಕ್ಷಮಿಸಿದೆನೆಂದು ಅವಳು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಆದರೆ ಅವನು ರೊಟ್ಟಿ ಮುರಿಯುವತನಕ ಎದುರಿಗೇ ನಿಂತಿದ್ದಳು.