ಕುತ್ತಿಗೆ ಮುಟ್ಟಿದ ತುಪ್ಪ

ನಾನು ಒಂದು ಭರಣಿ. ಮಣ್ಣಾಗಿದ್ದೆ, ಆವಿಗೆಯ ಬೆಂಕಿ ನನ್ನನ್ನು ಕಲ್ಲಿನಂತೆ ಮಾಡಿತು. ಹೊಟ್ಟೆ ದೊಡ್ಡದು, ಕುತ್ತಿಗೆ ಸಣ್ಣದು. ಮಂಗಳೂರಿನ ಬಂದರಿನ ಅಂಗಡಿಯಿಂದ ಮೂಡುಬಿದಿರೆ ಕಡೆಯ ಮನೆಗೆ ನನ್ನನ್ನು ತಂದವರು ಸೆವ್ರಿನ್ ಬಾಯಿ, ಆಗಿನ್ನೂ ಹೊಸ ಮದುಮಗಳು. ದೇವರು ನನಗೆ ಕೊಟ್ಟ ಕೆಲಸ ಒಂದೇ. ಹಿತ್ತಿಲ ಕರಿಹಂದಿಯ ಕೊಬ್ಬನ್ನು ಕರಗಿಸಿ, ಅದನ್ನು ತುಪ್ಪವೆಂದೇ ಕರೆದು, ನನ್ನ ಹೊಟ್ಟೆಗೆ ತುಂಬುತ್ತಿದ್ದರು. ವರ್ಷವಿಡೀ ಮನೆಯ ಒಗ್ಗರಣೆಗೆ ನಾನೇ.

ಆಮೇಲೆ ಬಿಳಿ ಹಂದಿಗಳ ಕಾಲ ಬಂತು. ಬೇಗ ಬೆಳೆಯುತ್ತಿದ್ದವು, ಮೈತುಂಬ ಬರೀ ಮಾಂಸ, ಕರಗಿಸಲು ಕೊಬ್ಬಿಲ್ಲ. ನನ್ನೊಳಗೆ ತವಡು ತುಂಬಿದರು, ಮತ್ತೆ ಮುರಿದ ಕೊಡೆಗಳನ್ನು ನಿಲ್ಲಿಸಿದರು. ದೇವರು ನನ್ನನ್ನು ಮರೆತನೇನೋ ಅಂದುಕೊಂಡೆ.

ಆದರೆ ಸೊಸೆ ಫ್ಲೇವಿಯಾ ಕರಿ ಹೆಣ್ಣುಹಂದಿಯೊಂದನ್ನು ಬಿಡದೆ ಉಳಿಸಿಕೊಂಡಿದ್ದಳು. ಅದರ ಗಂಡುಮರಿಗೆ ಹಲಸಿನ ಬೀಜ, ಕೆಸುವಿನ ದಂಟು, ಅಕ್ಕಿ ತೊಳೆದ ನೀರು ಹಾಕಿ ಸಾಕಿದಳು. ಅದು ನಿಧಾನಕ್ಕೆ ದುಂಡಗಾಯಿತು.

"ಇಷ್ಟು ದಿನ ತಿನ್ನಿಸಿ ಎಂತ ಬಂತು ಮಾರಾಯ್ತಿ? ಜೋತ ಹೊಟ್ಟೆಯಲ್ಲಿ ಅಂಗಳ ಗುಡಿಸ್ತದೆ, ಅಷ್ಟೇ," ಎಂದು ಗಂಡ ಪಾಸ್ಕಲ್ ನಕ್ಕ. ತಾಯಿಹಂದಿಯನ್ನೂ ಮಾರಿ ಬಿಳಿ ಮರಿಗಳನ್ನು ತರುವುದು ಅವನ ಆಸೆ.

ಸೆವ್ರಿನ್ ಬಾಯಿ ನನ್ನ ಕಡೆ ಕೈ ತೋರಿಸಿದರು. "ಆ ಮರಿಯ ತುಪ್ಪ ಈ ಭರಣಿಯ ಕುತ್ತಿಗೆ ಮುಟ್ಟಿದ್ರೆ ತಾಯಿಹಂದಿ ಇಲ್ಲೇ ಇರ್ಲಿ. ಮುಟ್ಟದಿದ್ರೆ ನಿನ್ನಿಷ್ಟ, ಪಾಸ್ಕು."

ಕ್ರಿಸ್ಮಸ್ಸಿನ ಮುನ್ನಾದಿನ ಬೆಳಿಗ್ಗೆ ಎಲ್ಲರೂ ಪ್ರಾರ್ಥಿಸಿದರು. ಫ್ಲೇವಿಯಾ ಆ ಗಂಡುಹಂದಿಯ ಹಣೆಯ ಮೇಲೆ ಶಿಲುಬೆಯ ಗುರುತು ಬರೆದು ಆಚೆ ಮುಖ ಮಾಡಿದಳು. ಪಾಸ್ಕಲ್‌ನ ಕೈ ಚುರುಕು. ಪ್ರಾಣಿ ಹೆಚ್ಚು ನರಳಲಿಲ್ಲ.

ನನ್ನನ್ನು ತೊಳೆದು ಒರೆಸಿ, ಬಿಸಿ ತುಪ್ಪಕ್ಕೆ ಬಿರಿಯದಿರಲೆಂದು ಒಲೆಯ ಪಕ್ಕ ಬೆಚ್ಚಗಿಟ್ಟರು. ಬಾಣಲೆಯಲ್ಲಿ ಕೊಬ್ಬು ಚಟಪಟ ಎನ್ನುತ್ತಿತ್ತು. ಒಂದೊಂದೇ ಸೌಟು ನನ್ನೊಳಗೆ ಇಳಿದಂತೆ ನನಗೆ ಮೈಯೆಲ್ಲ ಪುಳಕ! ಸೊಂಟ ದಾಟಿತು. ಹೆಗಲು ಮುಟ್ಟಿತು. ಅಲ್ಲಿಗೆ ಬಾಣಲೆ ಬರಿದಾಯಿತು.

ಫ್ಲೇವಿಯಾ ಸೌಟು ಹಿಡಿದು ಹಾಗೇ ನಿಂತಳು. ಹಿತ್ತಿಲಲ್ಲಿ ತಾಯಿಹಂದಿ ಗುಟುರು ಹಾಕಿತು.

ಸೆವ್ರಿನ್ ಬಾಯಿ ನನ್ನೊಳಗೆ ಇಣುಕಿದರು. "ಒಳಗಿನ ಕೊಬ್ಬೆಲ್ಲಿ ಮಗಾ? ಹೊಟ್ಟೆಯೊಳಗೆ ಬೆನ್ನಿಗೆ ಅಂಟಿಕೊಂಡಿರ್ತದಲ್ಲ, ದಪ್ಪ ಪದರ?"

"ಅದಾ?" ಎಂದ ಪಾಸ್ಕಲ್. "ಬಿಳಿ ಹಂದಿಯಲ್ಲಿ ಅದು ಲೆಕ್ಕಕ್ಕೇ ಇಲ್ಲಮ್ಮ. ಕರುಳಿನೊಟ್ಟಿಗೆ ಬಕೆಟಿಗೆ ಹಾಕಿದೆ. ನಾಯಿಗೆ."

"ಅಯ್ಯೋ ನಿನ್ನ! ಒಳ್ಳೇ ತುಪ್ಪವೆಲ್ಲ ಅದರಲ್ಲೇ ಇರುವುದು!"

ಪಾಸ್ಕಲನೇ ಮೊದಲು ಓಡಿದ. ನಾಯಿ ಆಗಲೇ ಬಕೆಟಿನ ಅಂಚಿಗೆ ಮೂತಿ ಇಟ್ಟಿತ್ತು. "ಹಚಾ! ಹಚಾ!" ಎಂದು ಕೂಗುತ್ತಾ, ಒಂದು ಚಪ್ಪಲಿ ಕಳೆದುಕೊಂಡು, ಬಕೆಟನ್ನು ಎದೆಗವಚಿಕೊಂಡು ಬಂದ. ಫ್ಲೇವಿಯಾ ಅಳುವುದೋ ನಗುವುದೋ ತಿಳಿಯದೆ ಕೊಬ್ಬು ತೊಳೆದು ಹೆಚ್ಚಿ ಬಾಣಲೆಗೆ ಹಾಕಿದಳು.

ಮತ್ತೆ ಸೌಟು. ಮತ್ತೊಂದು. ಕುತ್ತಿಗೆ ಮುಟ್ಟಿತು! ಬಾಣಲೆಯಲ್ಲಿ ಇನ್ನೂ ಇತ್ತು!

"ಪಾತ್ರೆ ತಾ ಮಾರಾಯ್ತಿ, ಬೇಗ!" ಎಂದು ಕೂಗಿದವನು ಪಾಸ್ಕಲನೇ.

ಸಂಜೆಯ ಹೊತ್ತಿಗೆ ನನ್ನೊಳಗೆ ತುಪ್ಪ ಗಟ್ಟಿಯಾಗಿ ಮಲ್ಲಿಗೆಯಂತೆ ಬಿಳುಪಾಗಿತ್ತು.

ಈಗ ನನಗೆ ವಯಸ್ಸಾಗಿದೆ, ಬಾಯಂಚು ಒಡೆದಿದೆ. ಸೆವ್ರಿನ್ ಬಾಯಿ ದೇವರ ಪಾದ ಸೇರಿದ್ದಾರೆ. ಗೋಡೆಯಾಚೆ ಆ ತಾಯಿಹಂದಿಯ ಮೊಮ್ಮಕ್ಕಳು ಗುರುಗುಟ್ಟುವುದು ಅಡುಗೆಮನೆಯ ಈ ಮೂಲೆಗೂ ಕೇಳಿಸುತ್ತದೆ. ತುಪ್ಪವಿಲ್ಲದ ವರ್ಷಗಳಲ್ಲೂ ದೇವರು ನನ್ನನ್ನು ಒಡೆಯದೆ ಇಟ್ಟದ್ದು ಯಾಕೆಂದು ಈಗ ಗೊತ್ತು.

ಪ್ರತಿ ಕ್ರಿಸ್ಮಸ್ಸಿಗೂ ಕತ್ತಿ ಮಸೆಯುವ ಮೊದಲೇ ಪಾಸ್ಕಲ್ ಕೂಗುತ್ತಾನೆ: "ನಾಯಿಯನ್ನು ಕಟ್ಟಿ ಹಾಕಿದಿಯಾ?"

ನಾನು ಒಲೆಯ ಪಕ್ಕ ಬೆಚ್ಚಗಾಗುತ್ತಾ ಬಾಯಿ ತೆರೆದು ಕಾಯುತ್ತೇನೆ.