ಅಕ್ಕನ ಹೆಸರಿದ್ದ ಗೇಟು

ಮೊದಲು ಹೂಂ ಅಂದವಳು ನಾನೇ. ಬೇರೆಯವರ ಮೇಲೆ ಗೂಬೆ ಕೂರಿಸುವುದಿಲ್ಲ.

ರೈಲು ಹಳಿಯಾಚೆ, ಈ ನೆಲದ ಮೂಲನಿವಾಸಿಗಳಾದ ನಮ್ಮವರ ಹಳೆಯ ಕ್ಯಾಂಪಿದ್ದ ಜಾಗದಲ್ಲಿ ವಸತಿ ಸಂಸ್ಥೆಯವರು ಹದಿನಾರು ಮನೆ ಕಟ್ಟುತ್ತಿದ್ದರು. ಮುಂದಿನ ಉದ್ದ ಗೋಡೆಗೆ ಇಲ್ಲಿನ ಜನರದೇ ಚಿತ್ರ ಬೇಕು ಎಂದು ಫಿಲಿಪಾ ಎಂಬ ಅಧಿಕಾರಿ ನಗರದಿಂದ ಬಂದಳು. ಯಾರು ಬರೆಯಬೇಕು ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ. ಒಣಗಿದ ಹೊಳೆಯ ಮರಳು ತೋಡಿ ನೀರು ಕಂಡ ಹೆಂಗಸರ ಕಥೆ ಆ ನೆಲದ್ದು, ಅಮ್ಮನ ಕಡೆಯಿಂದ ಅಕ್ಕನಿಗೂ ನನಗೂ ಬಂದದ್ದು. ನನ್ನ ಕೈಯಲ್ಲಿ ಒಂದು ಗೆರೆಯೂ ನೆಟ್ಟಗೆ ಬರುವುದಿಲ್ಲವಾದ್ದರಿಂದ ಅಕ್ಕನೇ ಬರೆಯುವುದು ಎಂದಾಯಿತು.

ಮರದಡಿ ಮೀಟಿಂಗು, ಡಬರಿಯಲ್ಲಿ ಚಹಾ. ಅಕ್ಕ ಶುರುವಿನಲ್ಲೇ ಕಾಲೆಳೆದಳು.

"ಈ ಗೋಡೆ ನಿಂತಿರೋದು ನಮ್ಮಜ್ಜಿ ಒಲೆ ಮೇಲೆ ಕಣಮ್ಮ. ಬಾಡಿಗೆ ನಾವು ನಿಂಗೆ ಕೊಡೋದೋ, ನೀನು ನಮಗೆ ಕೊಡೋದೋ?"

ಫಿಲಿಪಾಳ ಮುಖ ಕೆಂಪಗಾಯಿತು. ಅಕ್ಕ ನಕ್ಕು ಅವಳ ಬೆನ್ನಿಗೊಂದು ಗುದ್ದಿದಳು. ಆಮೇಲೆ ಫಿಲಿಪಾ ಕಾಗದ ತಿರುವಿ ಕೊನೆಯ ಪ್ರಶ್ನೆ ಕೇಳಿದಳು.

"ಚಿತ್ರ ಬರೆದವರು ಅಂತ ಗೇಟಿನ ಮೇಲೆ ಇವರ ಹೆಸರು ದೊಡ್ಡ ಉಕ್ಕಿನ ಅಕ್ಷರದಲ್ಲಿ ಇರುತ್ತೆ. ಮುಂದೆ ಇವರಿಗೇನಾದ್ರೂ ಆದ್ರೆ, ಹೆಸರು ಹಾಗೇ ಇಡಬಹುದಾ?"

ಕೇಳಬೇಕಾದ ಪ್ರಶ್ನೆಯೇ. ಸತ್ತವರ ಹೆಸರನ್ನು ನಾವು ಎತ್ತುವುದಿಲ್ಲ; ಅವಳು ಅಷ್ಟು ಕಲಿತು ಬಂದಿದ್ದಳು, ತಪ್ಪು ಹೇಳಲಾರೆ. ಆದರೆ ಅಕ್ಕ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದಳು. ಎದುರಿಗೆ ಕೂತವಳ ಸಾವಿನ ಲೆಕ್ಕಾಚಾರ ಮಾಡುವುದೆಂದರೆ ಅವಳಿಗೆ ಗುಂಡಿ ತೋಡಿದ ಹಾಗೆ. ಬೇಡದ ಮಾತಿನ ಬಾಯಿ ಮುಚ್ಚಿಸಲು ನಮ್ಮವರಿಗೆ ಗೊತ್ತಿರುವುದು ಒಂದೇ ದಾರಿ, ಬೇಗ ಹೂಂ ಅಂದುಬಿಡುವುದು. ನಾನು ನೆಲ ನೋಡುತ್ತ ಹೂಂ ಅಂದೆ. ಉಳಿದವರೂ ಹೂಂ ಹೂಂ ಅಂದರು. ಎಲ್ಲರ ಒಪ್ಪಿಗೆ ಇದೆ ಎಂದು ಫಿಲಿಪಾ ಬರೆದುಕೊಂಡಳು.

ಎಂಟು ತಿಂಗಳು ಅಕ್ಕ ಏಣಿಯ ಮೇಲೆ ನಿಂತು ಬರೆದಳು. ಮುಗಿಸಿದ ನಾಲ್ಕನೆಯ ದಿನ, ಸುಡುವ ಮಧ್ಯಾಹ್ನ, ನನ್ನ ಜಗಲಿಯಲ್ಲಿ ನೀರಿನ ಲೋಟ ಹಿಡಿದವಳು ಹಾಗೆಯೇ ಕುಸಿದಳು. ಲೋಟ ಒಡೆಯಲಿಲ್ಲ. ನನಗೆ ಇವತ್ತಿಗೂ ಆ ಲೋಟದ ಮೇಲೆ ಸಿಟ್ಟು.

ನಮ್ಮಲ್ಲಿ ಸತ್ತವರ ಕೆಲಸವನ್ನು ರಕ್ತದವರು ಮುಟ್ಟಬಾರದು, ಬೀಗರ ಕಡೆಯವರು ಮಾಡಬೇಕು. ಭಾವ ಮೊದಲೇ ತೀರಿಕೊಂಡಿದ್ದರಿಂದ ಅವನ ತಮ್ಮ ಕ್ಲೈವ್ ಗುಂಡಿ ತೋಡಿಸಿದ, ಆಸ್ಪತ್ರೆಯ ಕಾಗದ ತುಂಬಿದ, ಹೆಸರು ಬರೆಯಬೇಕಾದ ಕಡೆಯೆಲ್ಲ ಅವನೇ ಬರೆದ. ಅವತ್ತಿನಿಂದ ಅಕ್ಕ ನಮ್ಮ ಬಾಯಲ್ಲಿ 'ಹೆಸರಿಲ್ಲದವಳು'. ಹೊರಟವರನ್ನು ಹೆಸರು ಹಿಡಿದು ಕರೆದರೆ ತಿರುಗಿ ನಿಲ್ಲುತ್ತಾರೆ. ಅದರಲ್ಲೂ ಹೆತ್ತವಳು, ಒಡಹುಟ್ಟಿದವಳು ಕರೆದರೆ ಹೋಗುವುದೇ ಇಲ್ಲ. ಹೆಸರು ಬರೆಯುವುದೂ ಕರೆದ ಹಾಗೆಯೇ.

ಆರು ವಾರದ ಮೇಲೆ ಅಮ್ಮನಿಗೆ ಅಲ್ಲೇ ಮೂರನೇ ನಂಬರಿನ ಮನೆ ಬಂತು. ಹನ್ನೊಂದು ವರ್ಷ ಕಾದಿದ್ದೆವು. ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಆಸ್ಪತ್ರೆ ಆ ಮನೆಗಳ ಎದುರಿಗೇ ಇದೆ. ಇಪ್ಪತ್ತೊಂದು ದಿನದೊಳಗೆ ಬೀಗದಕೈ ತೆಗೆದುಕೊಳ್ಳದಿದ್ದರೆ ಮುಂದಿನವರಿಗೆ.

ಕ್ಲೈವನ ಕಾರಿನಲ್ಲಿ ನೋಡಲು ಹೋದೆವು. ಅಮ್ಮನಿಗೆ ಓದು ಬರುವುದಿಲ್ಲ. ಆದರೆ ಗೇಟಿನ ಮೇಲಿನ ಆ ಐದು ಅಕ್ಷರ ಬರುತ್ತಿದ್ದವು. ಅಕ್ಕ ಮೊದಲ ವರ್ಷ ಶಾಲೆಯಿಂದ ಬಂದು ಮರಳಿನ ಮೇಲೆ ಬೆರಳಲ್ಲಿ ಬರೆದು ಕಲಿಸಿದ್ದಳು. ಅಮ್ಮ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಳು.

"ತಿರುಗಿಸೋ ಕ್ಲೈವ್, ಗಾಡಿ ತಿರುಗಿಸು."

"ಒಳಗೆ ಹೋಗೋಕೆ ಬೇರೆ ದಾರಿ ಇಲ್ಲ ಅತ್ತೆ."

"ಹಾಗಾದ್ರೆ ಒಳಗೂ ಬೇಡ."

ಚಿತ್ರಕ್ಕೆ ಅಡ್ಡಿಯಿರಲಿಲ್ಲ, ಕಥೆ ಅವಳೊಬ್ಬಳದಲ್ಲ. ಹೆಸರು ಮಾತ್ರ ಹೋಗಬೇಕಿತ್ತು. ಕ್ಲೈವ್ ಅದಕ್ಕೆ ಗೋಣಿಚೀಲ ಕಟ್ಟಿದ. ಕಾವಲಿನವನು ಬಿಚ್ಚಿಹಾಕಿದ. ನಾನು ಫಿಲಿಪಾಳ ಹತ್ತಿರ ಹೋದೆ.

ಅವಳು ಪಾಪ, ಅತ್ತೇಬಿಟ್ಟಳು. ಎಲ್ಲೆಲ್ಲಿಗೋ ಫೋನು ಮಾಡಿ ಹೆಸರು ತೆಗೆಸುವ ಒಂದು ಅರ್ಜಿ ತರಿಸಿದಳು. ತೀರಿಕೊಂಡವರ ಹೆಸರು ಎಂದು ಒಂದು ಚೌಕ, ಕೆಳಗೆ ಸಹಿ. ಆ ಚೌಕ ಖಾಲಿ ಬಿಟ್ಟು ಕೊಟ್ಟೆ. ಅಪೂರ್ಣ ಎಂದು ವಾಪಸ್ ಬಂತು. ಕ್ಲೈವ್ ತುಂಬಿ ಕೊಟ್ಟ. ಅವನು ಹತ್ತಿರದ ಸಂಬಂಧಿ ಅಲ್ಲವೆಂದು ಮತ್ತೆ ಬಂತು.

"ತಾಯಿ, ಮಕ್ಕಳು ಇಲ್ಲಾ ಒಡಹುಟ್ಟಿದವರೇ ಬರೀಬೇಕಂತೆ. ಸ್ವಂತ ಕೈಯಲ್ಲಿ, ನನ್ನೆದುರಿಗೆ," ಅಂದಳು ಫಿಲಿಪಾ. ಅಕ್ಕನಿಗೆ ಮಕ್ಕಳಿರಲಿಲ್ಲ.

"ಅಲ್ಲ ಮಾರಾಯ್ತಿ, ಯಾರು ಬರೀಬಾರದೋ ಅವರನ್ನೇ ಆರಿಸಿ ಆರಿಸಿ ಬರೆದಿದ್ದೀರಲ್ಲ! ಯಾರ ತಲೆ ಇದು?"

"ನಿಮಗೆ ಗೌರವ ಕೊಡೋಕೆ ಅಂತಲೇ ಮಾಡಿದ ನಿಯಮ, ಮೇವಿಸ್."

ನನಗೆ ಮೈಯೆಲ್ಲ ಉರಿಯಿತು. ಬೈಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು.

ಹದಿನೆಂಟನೆಯ ದಿನ ಕಾರು ಕೈಕೊಟ್ಟು ಅಮ್ಮನ ಒಂದು ಡಯಾಲಿಸಿಸ್ ಸರದಿ ತಪ್ಪಿತು. ಬೆಳಿಗ್ಗೆಗೆ ಕಾಲು ಊದಿ ಚಪ್ಪಲಿ ಹಿಡಿಯಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೂತೇ ಇದ್ದಳು, ಅಕ್ಕ ಕುಸಿದ ಅದೇ ಜಗಲಿಯಲ್ಲಿ. ನಾನು ಕಣ್ಣು ಒರೆಸಿಕೊಂಡು ನಡೆದುಕೊಂಡೇ ಕಚೇರಿಗೆ ಹೋದೆ.

"ನಂಗೆ ತುಂಬಾ ಬೇಜಾರಾಗ್ತಿದೆ ಮೇವಿಸ್," ಅಂದಳು ಫಿಲಿಪಾ.

"ಬೇಜಾರು ಆಮೇಲೆ ಮಾಡ್ಕೊಳ್ಳೋಣ. ಪೆನ್ನು ಕೊಡು."

ಐದು ಅಕ್ಷರ. ಬರೆಯುವಾಗ ತುಟಿ ಅಲ್ಲಾಡದಂತೆ ಹಲ್ಲು ಕಚ್ಚಿ ಹಿಡಿದಿದ್ದೆ. ಫಿಲಿಪಾ ಕಾಗದ ತಿರುಗಿಸಿಕೊಂಡು, ಸರಿಯಿದೆಯಾ ನೋಡಲು, ಹೆಸರನ್ನು ಗಟ್ಟಿಯಾಗಿ ಓದಿದಳು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಕೇಳಿಸಿತು.

ಮಾರನೆಯ ದಿನ ಅಕ್ಷರಗಳನ್ನು ಕತ್ತರಿಸಿ ತೆಗೆದರು. ಇಪ್ಪತ್ತೊಂದನೆಯ ದಿನ ಅಮ್ಮ ತಲೆ ಎತ್ತಿ ಗೇಟು ದಾಟಿದಳು. ಅಡುಗೆಮನೆಯ ನಲ್ಲಿ ತಿರುಗಿಸಿ ನೀರನ್ನು ಅಂಗೈಯಲ್ಲಿ ಹಿಡಿದು, ಕುಡಿಯದೆ, ಮುಖಕ್ಕೆ ಸವರಿಕೊಂಡಳು. ನಾನು ಚಹಾ ಮಾಡಿ, ಬೂದಿಯಲ್ಲಿ ಸುಟ್ಟು ತಂದಿದ್ದ ರೊಟ್ಟಿ ಮುರಿದು ಮುಂದಿಟ್ಟೆ.

"ಮೂರು ವಾರ ಆಗದೇ ಇದ್ದಿದ್ದು ಒಂದೇ ದಿನದಲ್ಲಿ ಆಯ್ತಲ್ಲ, ಹೇಗೆ ಆಯ್ತು?" ಅಂದಳು ಅಮ್ಮ.

"ಕಾಗದ ಕೊಟ್ವಿ."

"ಯಾರು ಬರೆದ್ರು?"

ಕ್ಲೈವ್ ಬಾಗಿಲ ಬಳಿ ನಿಂತಿದ್ದ. ತಾನೇ ಬರೆದದ್ದು ಅಂತ ಹೇಳಲು ಅವನು ಬಾಯಿ ತೆರೆದ. ಅವನು ಒಳ್ಳೆಯವನು. ಆದರೆ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ಆ ಮುಖಕ್ಕೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

"ನಾನೇ ಬರೆದೆ ಅಮ್ಮ. ನೀನು ಉಸಿರಾಡೋಕಾಗದೆ ಒದ್ದಾಡ್ತಿದ್ದೆ."

ಅಮ್ಮ ಚಹಾವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕೂಗಾಡಲಿಲ್ಲ. ನನ್ನ ಭುಜದ ಆಚೆ ಏನನ್ನೋ ನೋಡುತ್ತಿದ್ದಳು.

"ಹೋಗ್ತಾ ಇದ್ದವಳನ್ನ ಕರೆದುಬಿಟ್ಯಲ್ಲೇ. ನಿನ್ನ ಬೆನ್ನ ಹಿಂದೇನೇ ನಿಂತಿದ್ದಾಳೆ. ನನ್ನ ಕೈಲಿ ಅವಳನ್ನ ಎರಡನೇ ಸಲ ಕಳಿಸೋಕಾಗಲ್ಲ. ಕರ್ಕೊಂಡು ಹೋಗು. ಇಲ್ಲಿಗೆ ಕರ್ಕೊಂಡು ಬರ್ಬೇಡ."

ನಾನು ಹೊರಗೆ ಬಂದೆ. ಗೇಟಿನ ಮೇಲೆ ಐದು ಕಡೆ ಲೋಹ ಬೆಳ್ಳಗೆ ಹೊಳೆಯುತ್ತಿತ್ತು.

ಈಗ ಅಮ್ಮನನ್ನು ಆಸ್ಪತ್ರೆಗೆ ಕ್ಲೈವ್ ಕರೆದೊಯ್ಯುತ್ತಾನೆ. ಊತ ಇಳಿದಿದೆ, ಹಾಸಿಗೆಯ ಮೇಲೆ ಮಲಗಿ ನಿದ್ದೆ ಮಾಡುತ್ತಾಳಂತೆ. ಸೋಮವಾರ, ಬುಧವಾರ, ಶುಕ್ರವಾರ ನಾನು ರಸ್ತೆಯ ಈಚೆ ನಿಂತಿರುತ್ತೇನೆ. ಅಕ್ಕ ಬರೆದ ಹೆಂಗಸರ ಮುಂದೆ ಅಮ್ಮ ನಿಧಾನವಾಗಿ ದಾಟುತ್ತಾಳೆ. ನನ್ನ ಕಡೆ ತಿರುಗುವುದಿಲ್ಲ.

"ನನ್ನ ವಿಷಯ ಕೇಳ್ತಾಳಾ?" ಎಂದು ಮೊನ್ನೆ ಕ್ಲೈವನನ್ನು ಕೇಳಿದೆ.

"ದಿನಾ ಕೇಳ್ತಾಳೆ ಮೇವಿಸಕ್ಕ. ಊಟ ಮಾಡಿದ್ಲಾ, ಕೆಮ್ಮು ಹೋಯ್ತಾ ಅಂತ."

"ಏನಂತ ಕರೀತಾಳೆ?"

ಅವನು ಬಹಳ ಹೊತ್ತು ಕಾರಿನ ಬಾನೆಟ್ಟಿನ ಧೂಳು ಒರೆಸಿದ.

"ಹೆಸರಿಲ್ಲದವಳು ಅಂತಾಳೆ."