ಹೊಸ ವರ್ಷದ ಗಾಜು

ಗುಂಡ್ಲುಪೇಟೆಯ ಬಾರ್ ಮಾಲೀಕ ಶಿವರಾಮುವಿಗೆ ರಾತ್ರಿ ಹನ್ನೊಂದೂವರೆ ಸಾಲದು. ಒಂದು ಗಂಟೆಯವರೆಗೆ ತೆರೆದಿಡಲು ಅನುಮತಿ ಬೇಕು. ಊರಿನವರ ಅಭಿಪ್ರಾಯ ಕೇಳಲು ಅಬಕಾರಿ ಅಧಿಕಾರಿ ಸಭೆ ಕರೆದಿದ್ದರು. ಮಲೆ ಮಾದಪ್ಪನಿಗೆ ಹರಕೆ ಹೊತ್ತು ತಿಂಗಳಿಂದ ಚಪ್ಪಲಿ ಬಿಟ್ಟಿದ್ದ ಶಿವರಾಮು, ಹಣೆ ತುಂಬ ವಿಭೂತಿ ಬಳಿದುಕೊಂಡು ಮುಂದಿನ ಕುರ್ಚಿಯಲ್ಲೇ ಕೂತಿದ್ದ.

"ಹೊಸ ವರ್ಷಕ್ಕೆ ಒಂದು ಗಂಟೆಗಂಟ ಪರ್ಮಿಶನ್ ಕೊಟ್ಟಿದ್ರಿ ಸಾರ್. ಬೆಳಿಗ್ಗೆ ಬಂದು ನೋಡುದ್ರೆ ರೋಡು ಕ್ಲೀನಾಗಿತ್ತು," ಎಂದ.

ಆ ರಸ್ತೆ ಗುಡಿಸುವ ಪೌರಕಾರ್ಮಿಕೆ ರಾಚಮ್ಮ ಹಿಂದಿನ ಸಾಲಿನಿಂದ ಎದ್ದಳು. ಅವಳನ್ನು ಯಾರೂ ಮಾತಿಗೆ ಕರೆದಿರಲಿಲ್ಲ.

"ನೀವು ನೋಡಿದ್ದು ಎಂಟ್ ಗಂಟೆಗೆ, ನಾನು ಗುಡ್ಸಿದ್ದು ಐದ್ ಗಂಟೆಗೆ. ಮಾಮೂಲಿ ದಿನ ಒಂದ್ ಮೊರ ಒಡೆದ ಗಾಜು ಸಿಕ್ತದೆ. ಅವತ್ತು ಎರಡು ಮೂಟೆ."

ಶಿವರಾಮು ನಕ್ಕ. "ಎರಡು ಮೂಟೆನ ಯಾರ್ ಕಂಡೋರು ಬುಡಮ್ಮ."

"ನೀವೇ ಕಾಣಿ ಸಾವ್ಕಾರ್ರೆ. ಸಾಹೇಬ್ರು ಇನ್ನೊಂದಿನ ಪರ್ಮಿಶನ್ ಕೊಡ್ಲಿ. ಮಾರ್ನೇ ಬೆಳಿಗ್ಗೆ ನಾನು ಪೊರಕೆ ಮುಟ್ಟಾಕಿಲ್ಲ. ನಿಮ್ ಬಾರಿಂದ ಬಸ್ ಸ್ಟ್ಯಾಂಡ್ ಗಂಟ ನಡ್ಕಂಡ್ ಬನ್ನಿ. ಬಂದ್ಮೇಲೆ ನಿಮ್ ಅರ್ಜಿಗೆ ಮೊದಲ್ನೇ ಸೈನು ನಂದೇ."

ಸಭೆಯ ಕಣ್ಣೆಲ್ಲ ಒಂದೇ ಕಡೆ ಇಳಿಯಿತು. ಶಿವರಾಮು ತನ್ನ ಬರಿಗಾಲುಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡ.